ಹೆಸರಿಲ್ಲದ ಗಿಟಾರಿನ ಊರು ಹುಡುಕಿದ ಹದಿನಾಲ್ಕು ತಿಂಗಳು

ಕಳೆದ ವಾರ ದುರಸ್ತಿ ಮುಗಿಸಿಕೊಂಡು ಮನೆಗೆ ಬಂದ ಗಿಟಾರ್ ಈಗ ನನ್ನ ಎದುರಿನ ಗೋಡೆಗೆ ಒರಗಿ ನಿಂತಿದೆ. ಅದರ ತಲೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಒಂದು ಕಾಲಕ್ಕೆ ಅಲ್ಲಿ ಹೆಸರಿನ ತಗಡು ಇತ್ತೆಂಬುದಕ್ಕೆ ಎರಡು ಸಣ್ಣ ಮೊಳೆಯ ತೂತುಗಳೂ ಸುತ್ತಲಿನ ಬಣ್ಣಕ್ಕಿಂತ ತುಸು ಗಾಢವಾಗಿ ಉಳಿದ ಒಂದು ಪಟ್ಟಿಯೂ ಸಾಕ್ಷಿ. ಮೊದಲ ಗಿಟಾರ್ ಕೊಂಡು ಎಡವಿದಂದಿನಿಂದ, ಇದನ್ನು ಯಾರು, ಎಲ್ಲಿ, ಯಾವ ವರ್ಷ ಮಾಡಿದರು ಎಂದು ತಿಳಿದು ದುರಸ್ತಿ ಮಾಡಿಸಿ ತರುವವರೆಗೆ ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಜಪಾನಿನ 1960ರ ದಶಕದ ಅಪರೂಪದ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಸಂಗ್ರಹಿಸುವ ಆಸೆ ಇಟ್ಟುಕೊಂಡವರು ಕನ್ನಡಿಗರಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ಆದರೆ ಕೆಲಸದ ಮೇಲೆ ನನ್ನಂತೆ ಜಪಾನಿಗೆ ಬಂದ ಇಬ್ಬರು ಗೆಳೆಯರು ಈಗಾಗಲೇ ಇದೇ ದಾರಿಗೆ ಇಳಿದಿದ್ದಾರೆ. ನಾನು ಎಡವಿದ ಕಡೆ ಅವರು ಎಡವದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನಿರುವುದು ಜಪಾನಿನ ಹಮಾಮತ್ಸುವಿನಲ್ಲಿ, ವಾಹನದ ಬಿಡಿಭಾಗಗಳ ಕೆಲಸದಲ್ಲಿ. ಯಮಾಹಾ, ಕವಾಯ್, ತೊಕಾಯ್ ಎಲ್ಲವೂ ಈ ಊರಿನ ಸುತ್ತಲೇ ಬೆಳೆದ ವಾದ್ಯ ಕಂಪನಿಗಳು. ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, 1995ರಲ್ಲಿ ತೆರೆದ ನಗರದ ವಾದ್ಯ ವಸ್ತುಸಂಗ್ರಹಾಲಯವಿದೆ. ಬಂದ ಹೊಸತರಲ್ಲಿ ಭಾನುವಾರ ಕಳೆಯಲೆಂದು ಅಲ್ಲಿಗೆ ಹೋಗುತ್ತಿದ್ದವನಿಗೆ ಹಳೆಯ ಗಿಟಾರ್‌ಗಳ ಹುಚ್ಚು ಹಿಡಿಯಿತು. 1965ರ ಜನವರಿಯಲ್ಲಿ ಅಮೆರಿಕದ ವೆಂಚರ್ಸ್ ಎಂಬ ವಾದ್ಯತಂಡ ಜಪಾನಿಗೆ ಬಂದು ಹೋದ ಮೇಲೆ ಇಲ್ಲಿನ ಹುಡುಗರೆಲ್ಲ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಜಪಾನಿಗಳು ಅದನ್ನು ಚಿಕ್ಕದಾಗಿ 'ಎರೆಕಿ' ಎನ್ನುತ್ತಾರೆ. ಆ ಅಲೆಯ ಜೋರು ಎಷ್ಟಿತ್ತೆಂದರೆ, ಅದೇ ವರ್ಷ ತೊಚಿಗಿ ಪ್ರಾಂತ್ಯದ ಅಶಿಕಾಗಾ ನಗರ ಶಾಲಾ ಮಕ್ಕಳು ಎರೆಕಿ ಮುಟ್ಟಬಾರದೆಂದು ನಿಷೇಧ ಹೇರಿತು. ಬೇಡಿಕೆ ಏರಿದಾಗ ಪೀಠೋಪಕರಣ ಮಾಡುವವರೂ ಮರಗೆಲಸದ ಸಣ್ಣ ಕಾರ್ಖಾನೆಗಳವರೂ ಗಿಟಾರ್ ಮಾಡತೊಡಗಿದರು. ದಶಕದ ಕೊನೆಗೆ ಬೇಡಿಕೆ ಇಳಿದಾಗ ಅವರಲ್ಲಿ ಎಷ್ಟೋ ಮಂದಿ ಬಾಗಿಲು ಹಾಕಿದರು. ಅವರ ಲೆಕ್ಕದ ಪುಸ್ತಕಗಳೂ ಅವರೊಂದಿಗೇ ಹೋದವು.

ಇನ್ನೊಂದು ತೊಡಕು ಹೆಸರಿನದು, ಮತ್ತು ಹೊಸಬರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಗಿಟಾರಿನ ತಲೆಯ ಮೇಲಿರುವುದು ಬಹುಮಟ್ಟಿಗೆ ಮಾರಿದವರ ಹೆಸರು, ಮಾಡಿದವರದಲ್ಲ. ಟೋಕಿಯೊದ ಟೀಸ್ಕೊ 1946ರಲ್ಲಿ ಹುಟ್ಟಿ 1967ರಲ್ಲಿ ಕವಾಯ್ ಕೈಸೇರಿತು. ಅದರ ಗಿಟಾರ್‌ಗಳೇ ಅಮೆರಿಕದಲ್ಲಿ ಟೀಸ್ಕೊ ಡೆಲ್ ರೇ ಎಂದೂ ಸಿಯರ್ಸ್ ಅಂಗಡಿಗಳಲ್ಲಿ ಸಿಲ್ವರ್‌ಟೋನ್ ಎಂದೂ ಮಾರಾಟವಾದವು. ಮತ್ಸುಕಿ ಮಿತ್ಸುವೊ ಕಟ್ಟಿದ ಇನ್ನೊಂದು ಜಪಾನಿ ಕಂಪನಿ ಗುಯಾಟೋನ್‌ನ ಎಲ್‌ಜಿ-50 ಬ್ರಿಟನ್ನಿಗೆ ಹೋಗಿ ಆಂಟೋರಿಯಾ ಆಯಿತು. ಮುಂದೆ ಶ್ಯಾಡೋಸ್ ತಂಡದಲ್ಲಿ ಹೆಸರಾದ ಹ್ಯಾಂಕ್ ಮಾರ್ವಿನ್ ತಮ್ಮ ಎಳೆಯ ದಿನಗಳಲ್ಲಿ ನುಡಿಸಿದ್ದು ಅಂಥದ್ದೊಂದನ್ನು. ಕೆಂಟ್, ಕಿಂಗ್‌ಸ್ಟನ್, ನಾರ್ಮಾ, ಡಾಮಿನೊ ಎಂಬ ಹೆಸರುಗಳೆಲ್ಲ ಅಮೆರಿಕದ ಆಮದುದಾರರು ಇಟ್ಟವು. ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಕಾರ್ಖಾನೆಗಳ ಮಾಲು, ಒಂದೇ ಕಾರ್ಖಾನೆಯ ಮಾಲಿಗೆ ಬೇರೆ ಬೇರೆ ಹೆಸರು. ಸಂಗೀತದ ಮೇಲಿನ ಪ್ರೀತಿಯಷ್ಟೇ ಸಾಕಾಗುವ ಹವ್ಯಾಸ ಇದಲ್ಲ. ಗುರುತು ಹಿಡಿಯುವ ಕಲೆಯೇ ಇದರ ಅರ್ಧ.

ಇದನ್ನೆಲ್ಲ ತಿಳಿಯುವ ಮೊದಲೇ ನಾನು ದುಡ್ಡು ಕೊಟ್ಟುಬಿಟ್ಟಿದ್ದೆ. ಕಳೆದ ವರ್ಷ ಮಾರ್ಚಿನಲ್ಲಿ ಅಂತರ್ಜಾಲದ ಹರಾಜಿನಲ್ಲಿ "1964ರ ಟೀಸ್ಕೊ" ಎಂಬ ಶೀರ್ಷಿಕೆಯ ಗಿಟಾರ್ ಕಂಡಿತು. ಆರು ಚಿತ್ರಗಳಿದ್ದವು, ಒಂದಕ್ಕಿಂತ ಒಂದು ಚೆಂದ. ಮೂರು ರಾತ್ರಿ ಇತರ ಕೂಗುದಾರರೊಂದಿಗೆ ಪೈಪೋಟಿ ನಡೆಸಿ 46,000 ಯೆನ್‌ಗೆ ಗೆದ್ದೆ. ಸಾಗಣೆಗೆ ಮೇಲೆ 1,900 ಯೆನ್. ನಾಲ್ಕನೆಯ ದಿನ ಪೆಟ್ಟಿಗೆ ಬಂತು. ತಂತಿ ಬಿಚ್ಚಿ, ಹಿಂಬದಿಯ ನಾಲ್ಕು ಸ್ಕ್ರೂ ತೆಗೆದು ನೆಕ್ಕನ್ನು, ಅಂದರೆ ತಂತಿ ಒತ್ತಿ ನುಡಿಸುವ ಉದ್ದನೆಯ ಕತ್ತನ್ನು, ಬಾಡಿಯಿಂದ ಬೇರ್ಪಡಿಸಿದಾಗ ನೆಕ್ಕಿನ ಬುಡದಲ್ಲಿ ನಾಲ್ಕರ ಬದಲು ಎಂಟು ತೂತುಗಳು ಕಂಡವು. ಅವುಗಳಲ್ಲಿ ನಾಲ್ಕಕ್ಕೆ ಯಾರೋ ಕಡ್ಡಿ ತುಂಬಿ ಅಂಟು ಹಾಕಿದ್ದರು. ಬಾಡಿ ಒಂದು ಗಿಟಾರಿನದು, ನೆಕ್ ಇನ್ನೊಂದರದು. ಆ ಸಂಜೆ ಊಟ ಸೇರಲಿಲ್ಲ. ಮಾರಿದಾತನಿಗೆ ಬರೆದೆ. ತಾನು ಈ ವಿಷಯದಲ್ಲಿ ಪರಿಣತನಲ್ಲವೆಂದೂ ವಿವರಣೆಯಲ್ಲಿ ಅದನ್ನು ಮೊದಲೇ ಹೇಳಿದ್ದೇನೆಂದೂ ಬಹಳ ವಿನಯದ ಉತ್ತರ ಬಂತು. ಮತ್ತೆ ಓದಿ ನೋಡಿದರೆ ಅವನು ಹೇಳಿದ್ದು ನಿಜ. ಶೀರ್ಷಿಕೆಯಲ್ಲಿ ಟೀಸ್ಕೊ ಎಂದಿದ್ದರೂ ಒಳಗೆ 'ತೊ ಓಮೊವಾರೆಮಾಸು', ಅಂದರೆ 'ಎಂದು ತೋರುತ್ತದೆ' ಎಂಬ ಮಾತು ವಾಕ್ಯದ ಕೊನೆಯಲ್ಲಿ ಕೂತಿತ್ತು.

ಆದ್ದರಿಂದ ಇಲ್ಲಿ ಕೊಳ್ಳಲು ಹೊರಟವರು ಕೆಲವು ಜಪಾನಿ ಮಾತುಗಳನ್ನು ಕಿವಿಗೆ ಹಾಕಿಕೊಂಡಿರಬೇಕು. 'ಗೆಂಜೊ ವತಾಶಿ' ಎಂದರೆ ಇದ್ದ ಸ್ಥಿತಿಯಲ್ಲೇ ಕೊಡುವುದು. 'ನೋ ಕ್ಲೇಮ್ ನೋ ರಿಟರ್ನ್' ಎಂಬುದನ್ನು ಜಪಾನಿ ಲಿಪಿಯಲ್ಲೇ ಬರೆದಿರುತ್ತಾರೆ. 'ಜಂಕು' ಎಂದರೆ ಕೆಲಸ ಮಾಡುವ ಭರವಸೆ ಇಲ್ಲದ ವಸ್ತು. ಅದು ಹಾಳಾಗಿದೆ ಎಂದೇ ಅರ್ಥವಲ್ಲ, ಪರೀಕ್ಷಿಸಿಲ್ಲ ಎಂದೂ ಆಗಬಹುದು. ಹುಡುಕುವಾಗ ಕಂಪನಿಯ ಹೆಸರು ಕೊಟ್ಟು ಹುಡುಕಿದರೆ ಎಲ್ಲರೂ ನೋಡುತ್ತಿರುವ ದುಬಾರಿ ಗಿಟಾರ್‌ಗಳೇ ಸಿಗುತ್ತವೆ. ಬದಲಿಗೆ 'ಬಿಜಾರು ಗಿತಾ', 'ಮೇಕಾ ಫುಮೆಯಿ', 'ಶೋಸಾಯಿ ಫುಮೆಯಿ' ಎಂದು ಜಪಾನಿ ಲಿಪಿಯಲ್ಲಿ ಹುಡುಕಿ. ಮೊದಲನೆಯದು ವಿಚಿತ್ರ ಆಕಾರದ ಹಳೆಯ ಗಿಟಾರ್‌ಗಳಿಗೆ ಇಲ್ಲಿನವರು ಬಳಸುವ ಹೆಸರು, ಉಳಿದೆರಡು 'ಮಾಡಿದವರು ಗೊತ್ತಿಲ್ಲ', 'ವಿವರ ಗೊತ್ತಿಲ್ಲ' ಎಂಬ ಅರ್ಥದವು. ಟೀಸ್ಕೊವನ್ನು ಇಲ್ಲಿನವರು ಟೆಸ್ಕೊ ಎಂದೇ ಬರೆಯುತ್ತಾರೆ ಎಂಬುದೂ ನೆನಪಿರಲಿ. ಹರಾಜು ಕೂಗುವ ಮೊದಲೇ, ನೆಕ್ ಕಳಚಿದ ಚಿತ್ರ ಕೊಡಿ ಎಂದು ಕೇಳಿ. ಕೊಡಲು ಒಪ್ಪದವರಿಂದ ಹೆಚ್ಚಿನ ಬೆಲೆಗೆ ಕೊಳ್ಳಬೇಡಿ.

ಈಗ ಗೋಡೆಗೆ ಒರಗಿರುವ ಗಿಟಾರ್ ಸಿಕ್ಕಿದ್ದು ಮೇ ತಿಂಗಳಲ್ಲಿ, ಊರ ಹೊರಗಿನ ಹಳೆ ಸಾಮಾನಿನ ಅಂಗಡಿಯೊಂದರ ಜಂಕು ಮೂಲೆಯಲ್ಲಿ. ಎರಡು ಮುರುಕು ಕೀಬೋರ್ಡ್‌ಗಳ ನಡುವೆ ತಲೆಕೆಳಗಾಗಿ ನಿಂತಿತ್ತು. ನಾಲ್ಕು ತಂತಿಗಳು ತುಕ್ಕು ಹಿಡಿದಿದ್ದವು, ಎರಡು ಇರಲೇ ಇಲ್ಲ. ಅಂಚಿನಲ್ಲಿ ಕಪ್ಪು, ನಡುವೆ ಕೆಂಪು ಮತ್ತು ಹಳದಿ ಬೆರೆತ ಬಣ್ಣ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಹೊಂಬಣ್ಣದ ಹಾಳೆ ಇಣುಕುವ ಎರಡು ಪಿಕಪ್‌ಗಳು, ಅವುಗಳ ಮೇಲ್ಭಾಗದಲ್ಲಿ ಬಿಳಿಯ ಸ್ವಿಚ್‌ಗಳು. ಚೀಟಿಯಲ್ಲಿ 8,800 ಯೆನ್ ಎಂದಿತ್ತು. ಅಂಗಡಿಯಾತ ಕೇಳುವ ಮೊದಲೇ "ಇದಕ್ಕೆ ಹೆಸರಿಲ್ಲ, ಶಬ್ದ ಬರುತ್ತದೋ ಇಲ್ಲವೋ ನಾವು ನೋಡಿಲ್ಲ" ಎಂದ. ಆ ನೇರ ಮಾತು ನನಗೆ ಹಿಡಿಸಿತು. ತಂದು ಮೇಜಿನ ಮೇಲಿಟ್ಟೆ.

ಇಲ್ಲಿ ಒಂದು ಮಾತು. ಹೊಂಬಣ್ಣದ ಹಾಳೆಯ ಪಿಕಪ್ ಕಂಡ ಕೂಡಲೇ ಟೀಸ್ಕೊ ಎಂದು ಕೂಗುವ ರೂಢಿ ಇದೆ, ಏಕೆಂದರೆ ಆ ಪಿಕಪ್‌ಗೆ ಈಗ ಒಳ್ಳೆಯ ಬೆಲೆ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅಂಥದ್ದನ್ನು ತಮ್ಮ ಗಿಟಾರಿಗೆ ಹಾಕಿಸಿಕೊಂಡ ಮೇಲೆ ಅದರ ಕೀರ್ತಿ ಬೆಳೆಯಿತು. ಪಿಕಪ್ಪಿಗಾಗಿಯೇ ಗಿಟಾರ್ ಒಡೆದು ಮಾರುವವರೂ ಹುಟ್ಟಿಕೊಂಡರು. ಆದರೆ ಗುಯಾಟೋನ್ ಕೂಡ ಅಂಥ ಪಿಕಪ್ ಮಾಡಿತು. ಕಣ್ಣಿಗೆ ಬೀಳುವ ಒಂದೇ ಒಂದು ಗುರುತನ್ನು ನಂಬಿ ಹೆಸರಿಡುವುದು ತಪ್ಪು.

ಬಿಚ್ಚುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ನಾನು ಭಾರತದಿಂದ ತಂದಿದ್ದ ಸಾಮಾನ್ಯ ನಕ್ಷತ್ರದ ಸ್ಕ್ರೂಡ್ರೈವರ್ ಹಾಕಿ ಒತ್ತಿದೆ. ಎರಡನೆಯ ಸ್ಕ್ರೂವಿನಲ್ಲೇ ಅದು ಜಾರಿ ತಲೆಯ ಗೀರನ್ನು ಸವೆಸಿತು. ಜಪಾನಿ ಅಳತೆಯ ಸ್ಕ್ರೂವಿನ ಗೀರಿನ ಕೋನ ಬೇರೆ ಎಂದು ಆಮೇಲೆ ತಿಳಿಯಿತು. ಇಲ್ಲಿನ ಯಾವ ಉಪಕರಣದ ಅಂಗಡಿಯಲ್ಲೂ ಜಪಾನಿ ಅಳತೆಯ ಸ್ಕ್ರೂಡ್ರೈವರ್ ಕೆಲವೇ ನೂರು ಯೆನ್‌ಗೆ ಸಿಗುತ್ತದೆ. ಅದಿಲ್ಲದೆ ಅರವತ್ತು ವರ್ಷ ಹಳೆಯ ಸ್ಕ್ರೂ ಮುಟ್ಟಬೇಡಿ. ಪ್ರತಿ ಸ್ಕ್ರೂವನ್ನೂ ಅದು ಇದ್ದ ಜಾಗದ ಚಿತ್ರ ಬರೆದ ರಟ್ಟಿಗೆ ಚುಚ್ಚಿ ಇಡಿ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಪ್ರತಿ ಹಂತದಲ್ಲೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಅಳತೆಯಿಲ್ಲದ ಚಿತ್ರ ಮುಂದೆ ಹೋಲಿಕೆಗೆ ಬರುವುದಿಲ್ಲ.

ಬಾಡಿಯ ಒಳಗಿನ ಗುಂಡಿಯ ಅಂಚಿನಲ್ಲಿ ಪದರ ಪದರವಾದ ಪ್ಲೈವುಡ್ ಕಂಡಿತು, ಆ ಕಾಲದ ಅಗ್ಗದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿದ್ದ ಲವಾನ್ ಮರದ್ದು. ನೆಕ್ಕನ್ನು ಎತ್ತಿದಾಗ ಉಸಿರು ಬಿಗಿಹಿಡಿದಿದ್ದೆ. ಬುಡದಲ್ಲಿ ನಾಲ್ಕೇ ತೂತುಗಳು. ಅವುಗಳ ನಡುವೆ ಸೀಸದ ಕಡ್ಡಿಯಲ್ಲಿ, ಒಬ್ಬ ಕೆಲಸಗಾರ ದಿನಕ್ಕೆ ನೂರು ಸಲ ಬರೆದು ರೂಢಿಯಾದ ಓರೆ ಕೈಯಲ್ಲಿ, 41-5-18 ಎಂದಿತ್ತು. ಪಕ್ಕದಲ್ಲಿ ತಪಾಸಣೆಯಾಯಿತು ಎಂಬುದನ್ನು ತೋರಿಸುವ ಒಂದೇ ಅಕ್ಷರದ ಕೆಂಪು ದುಂಡು ಮುದ್ರೆ, ಅರ್ಧ ಅಳಿಸಿದ್ದು. ಬಾಡಿಯಲ್ಲಿ ನೆಕ್ ಕೂರುವ ಗುಂಡಿಗೆ ಬೆಳಕು ಹಿಡಿದರೆ ಅಲ್ಲಿ ಬೇರೊಂದು ಕೈಬರಹ, 41-5-20. ನಾನು ಎಷ್ಟು ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆನೆಂದರೆ ಹೆಂಡತಿ ಬಂದು ಏನಾಯಿತೆಂದು ಕೇಳಿದಳು. ಆಗಿನ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಜಪಾನಿನ ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಲೆಕ್ಕದ ವರ್ಷ ಸಿಗುತ್ತದೆ. ಶೋವಾ 41 ಎಂದರೆ 1966. ನೆಕ್ ಮೇ 18ರಂದು, ಬಾಡಿ ಮೇ 20ರಂದು. ಮೊದಲ ಗಿಟಾರಿನಂತೆ ಇದು ಎರಡರ ಜೋಡಣೆಯಲ್ಲ, ಹುಟ್ಟಿದಾಗಿನಿಂದ ಒಟ್ಟಿಗಿದ್ದ ಜೋಡಿ. ಆದರೂ ಅಷ್ಟಕ್ಕೇ ನಿಶ್ಚಯಿಸಬಾರದು ಎಂದುಕೊಂಡೆ, ಏಕೆಂದರೆ 41 ಎಂಬುದು ತಯಾರಿಕೆಯ ಬ್ಯಾಚಿನ ಸಂಖ್ಯೆಯೂ ಆಗಿರಬಹುದಲ್ಲ.

1970ರ ದಶಕದ ಗಿಟಾರ್ ಆಗಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ. 1975ರ ನಂತರದ ಜಪಾನಿ ಗಿಟಾರ್ ಐಬನೆಜ್‌ನಲ್ಲಿ ಕ್ರಮಸಂಖ್ಯೆಯ ಮೊದಲ ಅಕ್ಷರವೇ ತಿಂಗಳು, ಜನವರಿಗೆ ಎ, ಡಿಸೆಂಬರಿಗೆ ಎಲ್. ಮುಂದಿನ ಎರಡು ಅಂಕಿ ವರ್ಷ. 1960ರ ದಶಕದ ಮಾಲಿಗೆ ಅಂಥ ಅನುಕೂಲವಿಲ್ಲ. ಕೆಲವು ರಫ್ತು ಗಿಟಾರ್‌ಗಳ ಹಿಂಬದಿಯ ತಗಡಿನ ಮೇಲೆ ಮೇಡ್ ಇನ್ ಜಪಾನ್ ಎಂಬುದರ ಜೊತೆ ಒಂದು ಸಂಖ್ಯೆ ಇರುತ್ತದೆ. ಅದರಿಂದ ವರ್ಷ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಜೂನ್‌ನಲ್ಲಿ ಹಳೆಯ ಕಂಪನಿಯೊಂದರ ವಾರಸುದಾರ ಸಂಸ್ಥೆಗೆ ಚಿತ್ರಗಳ ಸಮೇತ ಕಾಗದ ಬರೆದೆ. ಜಪಾನಿಯಲ್ಲಿ ಬರೆದ ಕರಡನ್ನು ಸಹೋದ್ಯೋಗಿಯೊಬ್ಬರು ತಿದ್ದಿಕೊಟ್ಟರು. ಆರು ವಾರ ಅಂಚೆಪೆಟ್ಟಿಗೆ ನೋಡುವುದೇ ಕೆಲಸವಾಯಿತು. ಕೊನೆಗೆ ಬಂದ ಉತ್ತರ ಮೂರು ಸಾಲಿನದು: ಆ ಕಾಲದ ದಾಖಲೆಗಳು ಉಳಿದಿಲ್ಲ, ಗುರುತಿಸಲು ಆಗದು, ಕ್ಷಮಿಸಿ. ಬೇಸರವಾಯಿತು ನಿಜ. ಆದರೆ ಉತ್ತರ ಬಂದದ್ದೇ ದೊಡ್ಡದು. ನಂತರ ಬರೆದ ಎರಡು ಕಾಗದಗಳಿಗೆ ಇವತ್ತಿಗೂ ಉತ್ತರವಿಲ್ಲ. ಈ ದಾರಿಯಲ್ಲಿ ಹೋಗುವವರು ಕಾಗದ ಬರೆದು ಕಾಯುತ್ತ ಕೂರದೆ ಅದರ ಜೊತೆಗೇ ಇನ್ನೊಂದು ಕೆಲಸ ಶುರು ಮಾಡಬೇಕು. ನಾನು ಸುಮ್ಮನೆ ಕಾದು ಇಡೀ ಬೇಸಿಗೆ ಕಳೆದುಕೊಂಡೆ.

ಸೆಪ್ಟೆಂಬರಿನಲ್ಲಿ ಟೋಕಿಯೊದ ನಗಾತಾಚೊದಲ್ಲಿರುವ ಸಂಸತ್ತಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋದೆ. ಹಮಾಮತ್ಸುವಿನಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಹೋಗಿ ಬರಲು ಸುಮಾರು 16,000 ಯೆನ್ ಖರ್ಚು. ಭಾನುವಾರ ಮುಚ್ಚಿರುತ್ತದೆ, ಶನಿವಾರ ತೆರೆದಿರುತ್ತದೆ. ಹದಿನೆಂಟು ತುಂಬಿದ ಯಾರಾದರೂ ಗುರುತಿನ ಚೀಟಿ ತೋರಿಸಿ ಹೆಸರು ನೋಂದಾಯಿಸಬಹುದು. ವಿದೇಶಿಯರಿಗೆ ನಿವಾಸದ ಕಾರ್ಡ್ ಸಾಕು, ಶುಲ್ಕವಿಲ್ಲ. ಚೀಲ ಲಾಕರಿನಲ್ಲಿಟ್ಟು, ಪಾರದರ್ಶಕ ಕೈಚೀಲದಲ್ಲಿ ಕಾಗದ ಪೆನ್ಸಿಲ್ ಹಿಡಿದು ಒಳಗೆ ಹೋಗಬೇಕು. ಪತ್ರಿಕೆಗಳನ್ನು ನಾವೇ ಕಪಾಟಿನಿಂದ ತೆಗೆಯುವಂತಿಲ್ಲ, ಕೇಳಿ ತರಿಸಿಕೊಳ್ಳಬೇಕು. ಒಮ್ಮೆಗೆ ಕೇಳಬಹುದಾದ ಸಂಚಿಕೆಗಳಿಗೆ ಮಿತಿಯಿದೆ, ಪ್ರತಿ ಸಲವೂ ಕಾಯಬೇಕು. ಹೀಗಾಗಿ ಯಾವ ವರ್ಷದ ಯಾವ ತಿಂಗಳು ಬೇಕೆಂದು ಮನೆಯಲ್ಲೇ ಪಟ್ಟಿ ಮಾಡಿಕೊಂಡು ಹೋಗದಿದ್ದರೆ ಒಂದು ದಿನ ಸಾಲದು. 1965 ಮತ್ತು 66ರ ಸಂಗೀತ ಮಾಸಪತ್ರಿಕೆಗಳ ಜಾಹೀರಾತುಗಳನ್ನು ಸಂಜೆಯವರೆಗೆ ನೋಡಿದೆ. ಕಪ್ಪು ಬಿಳುಪಿನ ಅಂಚೆಚೀಟಿಯಷ್ಟು ಚಿತ್ರಗಳು. ಅವುಗಳಲ್ಲಿ ಒಂದು ನನ್ನ ಗಿಟಾರಿನ ದೇಹರೇಖೆಗೆ ಬಹಳ ಹತ್ತಿರವಿತ್ತು, ಗುಯಾಟೋನ್ ಹೆಸರಿನದು. ತಲೆಯ ಆಕಾರ ಮಾತ್ರ ಬೇರೆ. ಅದೇ ರಾತ್ರಿ ಹಿಂದಿರುಗುವಾಗ ಪೂರ್ತಿ ಒಪ್ಪಲೂ ಆಗದೆ ಬಿಡಲೂ ಆಗದೆ ಮನಸ್ಸು ತೂಗಾಡುತ್ತಿತ್ತು.

ನವೆಂಬರಿನಲ್ಲಿ ನಗೋಯಾ ಮಾರ್ಗವಾಗಿ ಮತ್ಸುಮೊತೊಗೆ ಹೋದೆ. ಜಪಾನಿನ ಗಿಟಾರ್ ಉದ್ಯಮದ ಇನ್ನೊಂದು ತವರು ಅದು. 1960ರಲ್ಲಿ ಶುರುವಾದ ಫುಜಿಗೆನ್ ಅಲ್ಲಿಯದು. ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡುತ್ತಲೇ ಗಿಟಾರಿಗೆ ತಿರುಗಿ 1987ರಲ್ಲಿ ಮುಚ್ಚಿದ ಮತ್ಸುಮೊಕುವೂ ಅಲ್ಲಿಯದು. ಪರಿಚಯದವರ ಮೂಲಕ, ಕಾರ್ಖಾನೆಯಲ್ಲಿ ನೆಕ್ ಕೆತ್ತುತ್ತಿದ್ದ ನಿವೃತ್ತ ಕುಶಲಕರ್ಮಿಯೊಬ್ಬರ ಮನೆಗೆ ಹೋಗಲು ಅವಕಾಶವಾಯಿತು. ಹಿರಿಯರು ಗಿಟಾರನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ ನೆಕ್ಕಿನ ಹಿಂಬದಿಯ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಎಳೆದರು. ಒಂದೇ ಮಾತು ಹೇಳಿದರು, ಇದು ನಮ್ಮ ಕಡೆಯ ಕೈಯಲ್ಲ. ಸೀಸದ ಕಡ್ಡಿಯ ಬರಹ ತೋರಿಸಿದಾಗ ಮಾತ್ರ ಅವರ ಮುಖ ಅರಳಿತು. ತಾವು ಕೆಲಸ ಮಾಡುತ್ತಿದ್ದ ಕಡೆಯೂ ಒಂದು ಹಂತ ಮುಗಿದ ದಿನವನ್ನು ಹೀಗೇ ಬರೆಯುತ್ತಿದ್ದರಂತೆ. ಅದು ಮರಗೆಲಸದ ದಿನ, ಅಂಗಡಿಗೆ ಹೋಗುವುದು ಎಷ್ಟೋ ವಾರಗಳ ನಂತರ ಎಂದರು. ಪ್ರಯಾಣಕ್ಕೆ ಸುಮಾರು 22,000, ಒಂದು ರಾತ್ರಿಯ ವಸತಿಗೆ 7,500 ಯೆನ್ ಆಯಿತು. ಹೆಸರು ಸಿಗಲಿಲ್ಲವಾದರೂ 41 ಎಂಬುದು ವರ್ಷವೇ ಎಂಬ ಧೈರ್ಯ ಬಂತು, ಒಂದು ದಿಕ್ಕು ಪಟ್ಟಿಯಿಂದ ಹೊರಗೆ ಹೋಯಿತು. ಗುರುತಿಸುವ ಕೆಲಸದಲ್ಲಿ 'ಇದಲ್ಲ' ಎಂಬ ಉತ್ತರಕ್ಕೂ ಬೆಲೆಯಿದೆ; ಅದನ್ನೂ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.

ನಿರ್ಣಯವಾದದ್ದು ಈ ವರ್ಷದ ಫೆಬ್ರವರಿಯಲ್ಲಿ, ಇದೇ ಶಿಜುವೊಕಾ ಪ್ರಾಂತ್ಯದ ಸಂಗ್ರಾಹಕರೊಬ್ಬರ ಅಡುಗೆಮನೆಯ ಮೇಜಿನ ಮೇಲೆ. ಅವರ ಬಳಿ ಗುಯಾಟೋನ್ ಹೆಸರಿನ ತಗಡು ಅಲುಗದೆ ಉಳಿದ, ಅದೇ ಕಾಲದ ಗಿಟಾರ್ ಇತ್ತು. ಅದರ ತಲೆಯ ಆಕಾರ ನನ್ನದಕ್ಕಿಂತ ಬೇರೆ, ಬಣ್ಣ ಬೇರೆ, ಪಕ್ಕಪಕ್ಕ ಇಟ್ಟರೆ ನೆಂಟಸ್ತಿಕೆ ಕಾಣದು. ಎರಡನ್ನೂ ಬಿಚ್ಚಿ ಹಳೆಯ ಟವೆಲ್ ಮೇಲೆ ಮಲಗಿಸಿದೆವು. ಅದಕ್ಕೆಂದೇ 3,200 ಯೆನ್ ಕೊಟ್ಟು ತಂದಿದ್ದ ಕ್ಯಾಲಿಪರ್‌ನಿಂದ ಅವರು ಅಳೆದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನೆಕ್ಕಿನ ನಾಲ್ಕು ಸ್ಕ್ರೂಗಳ ನಡುವಿನ ಅಂತರ, ನೆಕ್ ಕೂರುವ ಗುಂಡಿಯ ಅಗಲ ಮತ್ತು ಆಳ, ಪಿಕಪ್ಪಿನ ಎರಡು ಸ್ಕ್ರೂಗಳ ದೂರ, ತಂತಿಯ ಆರಂಭದಿಂದ ನೆಕ್ಕಿನ ಮೇಲಿನ ಹನ್ನೆರಡನೆಯ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್‌ವರೆಗಿನ ಉದ್ದ. ಒಂದೊಂದಾಗಿ ಎಲ್ಲವೂ ಅರ್ಧ ಮಿಲಿಮೀಟರಿನ ಒಳಗೆ ಕೂಡಿಬಂದವು. ಆದರೂ ಅವರು ಒಪ್ಪಲಿಲ್ಲ. ಬಿಡಿಭಾಗಗಳನ್ನು ಹೊರಗಿನಿಂದ ಕೊಂಡು ಹಾಕುತ್ತಿದ್ದ ಕಾಲ ಅದು, ಪಿಕಪ್ ಹೊಂದಿದರೆ ಸಾಲದು ಎಂದರು.

ಕೊನೆಗೆ ಅವರು ಎರಡೂ ಬಾಡಿಗಳ ಒಳಗಿನ ದೊಡ್ಡ ಗುಂಡಿಯ ಮೇಲೆ ತೆಳುಕಾಗದವಿಟ್ಟು ಅಂಚಿನ ಗುಂಟ ಪೆನ್ಸಿಲ್ ಉಜ್ಜಿದರು. ಗುಂಡಿ ಕೊರೆಯುವ ಯಂತ್ರ ಒಂದು ಅಚ್ಚಿನ ಗುಂಟ ಓಡುತ್ತದೆ. ಅಚ್ಚಿನಲ್ಲಿ ಎಲ್ಲೋ ಒಂದು ಕಡೆ ಸವೆದು ಹಳ್ಳ ಬಿದ್ದರೆ ಆ ಹಳ್ಳವೇ ಅದರಿಂದ ಕೊರೆದ ಪ್ರತಿ ಬಾಡಿಯಲ್ಲೂ ಮೂಡುತ್ತದೆ. ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆವು. ಎಡಗಡೆಯ ಕೆಳ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಹಳ್ಳದ ಗುರುತೊಂದು ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಗಂಟಲು ಕಟ್ಟಿತ್ತು. ಯಾವನೋ ಕೆಲಸಗಾರನ ಸವೆದ ಅಚ್ಚು ಅರವತ್ತು ವರ್ಷಗಳ ನಂತರ ಆ ಗಿಟಾರಿನ ಊರು ಹೇಳಿತ್ತು. ಬಾಡಿ ಗುಯಾಟೋನ್‌ನ ಅಚ್ಚಿನಿಂದ, 1966ರ ಮೇ ತಿಂಗಳಲ್ಲಿ ಆದದ್ದು. ತಲೆಯ ಮೇಲಿದ್ದದ್ದು ಬಹುಶಃ ಬೇರೊಬ್ಬ ಮಾರಾಟಗಾರನ ಹೆಸರು. ನಾನು ಈಗ ಹೇಳಬಲ್ಲದ್ದು ಇಷ್ಟು, ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ದುರಸ್ತಿಗೆ ಮೂರು ತಿಂಗಳು ಹಿಡಿಯಿತು. ನೆಕ್ ಮುಂದಕ್ಕೆ ಬಾಗಿತ್ತು, ಸರಿಪಡಿಸಲು ಒಳಗೆ ತಿರುಗಿಸುವ ಸರಳು ಇರಲಿಲ್ಲ. ಇಲ್ಲಿನ ದುರಸ್ತಿಗಾರರು ಬಿಸಿ ಕೊಟ್ಟು, ಬಿಗಿದು, ದಿನಗಟ್ಟಲೆ ಬಿಟ್ಟು ನೆಕ್ ನೇರ ಮಾಡುತ್ತಾರೆ. ಅದಕ್ಕೆ 'ಐರನ್' ಎಂದೇ ಹೆಸರು. ಒಮ್ಮೆ ನೇರವಾದದ್ದು ಮತ್ತೆ ಬಾಗಬಹುದು ಎಂದು ಮೊದಲೇ ಎಚ್ಚರಿಸಿದರು. ಫ್ರೆಟ್ ಸಮ ಮಾಡುವುದು, ಸ್ವಿಚ್ ಶುಚಿ ಮಾಡುವುದು, ತುಂಡಾದ ಒಂದು ವಿದ್ಯುತ್ ತಂತಿಯ ಬೆಸುಗೆ ಎಲ್ಲ ಸೇರಿ 38,000 ಯೆನ್. ಮೊದಲ ಗಿಟಾರಿನ ನಷ್ಟವನ್ನೂ ಲೆಕ್ಕಕ್ಕೆ ಹಿಡಿದರೆ ಒಟ್ಟು ಖರ್ಚು ಸುಮಾರು 1,43,000 ಯೆನ್. 8,800 ಯೆನ್‌ನ ಗಿಟಾರಿಗೆ ಇದು ಹೆಚ್ಚೆಂದು ಅನ್ನಿಸಬಹುದು. ಮಾರುವ ಉದ್ದೇಶದಿಂದ ಕೊಳ್ಳುವವರಿಗೆ ಇದು ಖಂಡಿತ ಲಾಭದ ದಾರಿಯಲ್ಲ.

ಮಾರುವ ಮಾತು ಬಂದದ್ದರಿಂದ ಇನ್ನೆರಡು ಸಂಗತಿ. ಸ್ವಂತಕ್ಕೆ ಕೊಂಡದ್ದನ್ನು ಮಾರಲು ಜಪಾನಿನಲ್ಲಿ ಪರವಾನಗಿ ಬೇಡ. ಮಾರುವುದಕ್ಕೆಂದೇ ಹಳೆಯ ವಸ್ತು ಕೊಳ್ಳುವುದಾದರೆ ಪೊಲೀಸ್ ಠಾಣೆಯ ಮೂಲಕ 'ಕೊಬುತ್ಸುಶೊ' ಪರವಾನಗಿ ಪಡೆಯಬೇಕು. ಅರ್ಜಿ ಶುಲ್ಕ 19,000 ಯೆನ್. ಎರಡನೆಯದು ನೆಕ್ಕಿನ ಮುಂಬದಿಯ ಬೆರಳುಪಟ್ಟಿಯ ಮರದ್ದು. ಬೀಟೆ ಮರದ ಕಂಬಗಳಿದ್ದ ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ, ಒರೆಸಿದ ಮೇಲೆ ಕಾಣಿಸಿದ ಆ ಕಂದು ನೇರಳೆ ಎಳೆ ಕಂಡು ಇದು ನಮ್ಮ ಬೀಟೆಯೇ ಎನ್ನಬೇಕೆಂಬ ಆಸೆ ಬಹಳ ಆಯಿತು. ಆದರೆ ಆ ಕುಲದಲ್ಲಿ ಹಲವು ಮರಗಳಿವೆ, ಬರಿಗಣ್ಣಿಗೆ ಹೇಳಲಾಗದು. ಇಲ್ಲಿನ ಮಾರಾಟಗಾರರು ಬೆಲೆ ಏರಿಸಲು 'ಹಕರಾಂಡಾ' ಎಂದು ಬರೆಯುವುದುಂಟು, ಅದು ಬ್ರೆಜಿಲಿನ ರೋಸ್‌ವುಡ್. 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಬಿಗಿಯಾದ ನಿರ್ಬಂಧವಿದೆ. ಆ ಕುಲದ ಉಳಿದ ಮರಗಳನ್ನೂ 2017ರಲ್ಲಿ ನಿಯಂತ್ರಣಕ್ಕೆ ತಂದು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು; ಬ್ರೆಜಿಲಿನದಕ್ಕೆ ಆ ವಿನಾಯಿತಿ ಇಲ್ಲ. ಗಿಟಾರನ್ನು ಮುಂದೆ ಊರಿಗೆ ಒಯ್ಯುವ ಯೋಚನೆ ಇರುವವರು ಖಚಿತವಿಲ್ಲದೆ ಆ ಪದವನ್ನು ಯಾವ ರಸೀದಿಯಲ್ಲೂ ಬರೆಸಿಕೊಳ್ಳಬೇಡಿ. ದೇಶದೊಳಗೆ ಅಂಚೆಯಲ್ಲಿ ಕಳಿಸುವಾಗ ಪೆಟ್ಟಿಗೆಯ ಮೂರು ಬದಿಗಳ ಮೊತ್ತ 170 ಸೆಂಟಿಮೀಟರ್ ಮೀರಬಾರದು. ಮೀರುವಂತಿದ್ದರೆ ನೆಕ್ ಕಳಚಿ ಪಕ್ಕಕ್ಕಿಟ್ಟು ಕಟ್ಟಿ.

ಗಿಟಾರ್ ಕೊಡುವಾಗ ದುರಸ್ತಿಗಾರರು ಗುಯಾಟೋನ್‌ನ ನಕಲು ತಗಡೊಂದು ಸಿಗುತ್ತದೆ, ತಲೆಗೆ ಹೊಡೆದುಕೊಡಲೇ ಎಂದು ಕೇಳಿದರು. ಬೇಡವೆಂದೆ. ಆ ಎರಡು ಮೊಳೆಯ ತೂತುಗಳು ಹಾಗೇ ಇರಲಿ. ಅದರ ಬದಲು ಮನೆಗೆ ಬಂದ ರಾತ್ರಿ ಮೇಲಿನ ಫಲಕ ಬಿಚ್ಚಿ, ಒಂದು ದಪ್ಪ ಕಾಗದದಲ್ಲಿ ನೆಕ್ಕಿನ ಮತ್ತು ಬಾಡಿಯ ದಿನಾಂಕ, ಫೆಬ್ರವರಿಯಲ್ಲಿ ತೆಗೆದ ಎಲ್ಲ ಅಳತೆ, ಹೋಲಿಸಿದ ಗಿಟಾರಿನ ವಿವರ, ನಾನು ಸವೆಸಿದ ಆ ಒಂದು ಸ್ಕ್ರೂ ಯಾವುದು ಎಂಬುದು, ಇಷ್ಟನ್ನೂ ಜಪಾನಿಯಲ್ಲಿ ಬರೆದು ಕೆಳಗೆ ಕನ್ನಡದಲ್ಲೂ ಬರೆದೆ. ಅದನ್ನು ಮಡಿಸಿ, ಎರಡೂ ಬಾಡಿಗಳ ಪೆನ್ಸಿಲ್ ಉಜ್ಜಿದ ತೆಳುಕಾಗದಗಳ ನಕಲಿನೊಂದಿಗೆ, ವಿದ್ಯುತ್ ತಂತಿಗಳಿಗೆ ತಾಗದಂತೆ ಗುಂಡಿಯ ಬದಿಗೆ ಸೇರಿಸಿ ಫಲಕ ಮುಚ್ಚಿದೆ. ಸ್ಕ್ರೂಗಳನ್ನು ಈ ಸಲ ಜಪಾನಿ ಅಳತೆಯ ಸ್ಕ್ರೂಡ್ರೈವರ್‌ನಲ್ಲೇ ಬಿಗಿದಿದ್ದೇನೆ.